ಥಿಯೇಟರಾ, ಮನೆಯಾ? ಯಾವ ಸಿನಿಮಾ ಎಲ್ಲಿ ನೋಡ್ಬೇಕು, ಹೆಂಗೆ ನೋಡ್ಬೇಕು

"ಓಟಿಟಿಗೆ ಬಂದ್ಮೇಲೆ ನೋಡಿದ್ರಾಯ್ತು ಬಿಡು" ಅನ್ನೋ ಮಾತು ಈಗ ಪ್ರತಿ ಮನೇಲೂ ಕೇಳ್ಸುತ್ತೆ. ತಪ್ಪೇನಿಲ್ಲ, ನಾನೂ ಅರ್ಧಕ್ಕಿಂತ ಜಾಸ್ತಿ ಸಿನಿಮಾ ಮನೇಲೇ ನೋಡೋದು, ಟ್ರಾಫಿಕ್ಕು ಪಾರ್ಕಿಂಗು ಪಾಪ್‌ಕಾರ್ನ್ ರೇಟು ಎಲ್ಲಾ ನೆನೆಸ್ಕೊಂಡ್ರೆ ಸೋಫಾ ಬಿಟ್ಟು ಏಳೋಕೇ ಮನಸ್ಸು ಬರಲ್ಲ. ಆದ್ರೆ ಯಾವ್ದಕ್ಕೆ ಕಾಯ್ಬೇಕು, ಯಾವ್ದಕ್ಕೆ ಕಾಯ್ಬಾರ್ದು ಅನ್ನೋ ಲೆಕ್ಕಾನ ನಮ್ಮೋರು ಉಲ್ಟಾ ಹಾಕ್ತಾರೆ ಅನ್ನೋದು ನನ್ನ ತಕರಾರು. ಸ್ಟಾರ್ ಸಿನಿಮಾ ಅಂದ್ರೆ ಮೊದಲ್ನೇ ದಿನ ಬೆಳಗಿನ ಜಾವದ ಶೋಗೆ ಕೇಳಿದಷ್ಟು ದುಡ್ಡು ಕೊಟ್ಟು ಓಡ್ತಾರೆ, ಹೊಸಬ್ರು ಮಾಡಿರೋ ಚಿಕ್ಕ ಕನ್ನಡ ಸಿನಿಮಾ ಬಂದ್ರೆ "ಟ್ರೇಲರ್ ಚೆನ್ನಾಗಿದೆ, ಆದ್ರೆ ಇದು ಓಟಿಟಿ ಸಿನಿಮಾ ಗುರು" ಅಂತ ಬಿಟ್ಬಿಡ್ತಾರೆ. ಅಸಲಿಗೆ ಕಾಯೋಕೆ ಆಗೋದು ಮೊದಲ್ನೇದಕ್ಕೆ, ಎರಡನೇದಕ್ಕಲ್ಲ. ಯಾಕೆ ಅಂತ ಹೇಳ್ತೀನಿ, ಆಮೇಲೆ ಎರಡೂ ಕಡೆ ಸರಿಯಾಗಿ ನೋಡೋದು ಹೆಂಗೆ ಅಂತ್ಲೂ ಹೇಳ್ತೀನಿ.

ಕಾಯ್ಬೋದಾ ಇಲ್ವಾ, ಅದನ್ನ ಮೊದ್ಲು ನೋಡ್ಕೊಳ್ಳಿ

ದೊಡ್ಡ ಸ್ಟಾರ್ ಸಿನಿಮಾ ಆದ್ರೆ ಡಿಜಿಟಲ್ ರೈಟ್ಸು (ಓಟಿಟಿಲಿ ಹಾಕೋ ಹಕ್ಕು) ಸಾಮಾನ್ಯವಾಗಿ ರಿಲೀಸ್‌ಗೆ ಮುಂಚೆನೇ ಮಾರಾಟ ಆಗಿರುತ್ತೆ. ದಕ್ಷಿಣದ ಸಿನಿಮಾಗಳಿಗೆ ಥಿಯೇಟರಿಂದ ಓಟಿಟಿಗೆ ಹೆಚ್ಚು ಕಮ್ಮಿ ನಾಲ್ಕು ವಾರದ ಗ್ಯಾಪು, ಹಿಂದಿ ಸಿನಿಮಾಗೆ ಎಂಟು ವಾರ, ಯಾಕಂದ್ರೆ ದೊಡ್ಡ ಮಲ್ಟಿಪ್ಲೆಕ್ಸ್ ಚೈನ್‌ಗಳು ಎಂಟು ವಾರ ಇಲ್ಲಾಂದ್ರೆ ಹಿಂದಿ ಸಿನಿಮಾ ಹಾಕೋದೇ ಇಲ್ಲ ಅಂತ ಪಟ್ಟು ಹಿಡಿದಿದ್ದಾರೆ. ಓಡ್ತಾ ಇದ್ರೆ ಇನ್ನೂ ಸ್ವಲ್ಪ ತಳ್ತಾರೆ. ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಬಂತು, ಪ್ರೈಮ್‌ಗೆ ಬಂದಿದ್ದು ನವೆಂಬರ್ 24ಕ್ಕೆ. ಅಲ್ಲೂ ಒಂದು ತಮಾಷೆ ಆಯ್ತು ನೋಡಿ, ಕೋರ್ಟ್ ತಡೆ ಇದ್ದಿದ್ರಿಂದ ಮನೇಲಿ ನೋಡಿದೋರಿಗೆ ಮೊದ್ಲು ಸಿಕ್ಕಿದ್ದು ಬೇರೆ ಟ್ಯೂನ್ ಹಾಕಿರೋ ವರಾಹ ರೂಪಂ, ಥಿಯೇಟರಲ್ಲಿ ಮೈ ಜುಂ ಅನ್ಸಿದ ಹಾಡೇ ಅಲ್ಲಿರ್ಲಿಲ್ಲ, ಒರಿಜಿನಲ್ಲು ಆಮೇಲೆ ವಾಪಸ್ ಬಂತು. ಅದು ಅಪರೂಪದ ಕೇಸು ಬಿಡಿ. ಒಟ್ನಲ್ಲಿ ದೊಡ್ಡ ಸಿನಿಮಾ ಬಂದೇ ಬರುತ್ತೆ, ಕಾದ್ರೆ ಕಳ್ಕೊಳೋದು ಸ್ಕ್ರೀನು ಸೌಂಡು ಜನರ ಗಲಾಟೆ ಅಷ್ಟೇ.

ಚಿಕ್ಕ ಕನ್ನಡ ಸಿನಿಮಾ ಕಥೆ ಹಂಗಲ್ಲ. ಓಟಿಟಿ ಕಂಪನಿಗಳು ಕನ್ನಡ ಸಿನಿಮಾ ತಗೊಳೋದೇ ಕಮ್ಮಿ ಅಂತ ಪ್ರೊಡ್ಯೂಸರ್‌ಗಳು ವರ್ಷಗಳಿಂದ ಹೇಳ್ತಾನೇ ಇದ್ದಾರೆ. ಕೆಲವು ತಿಂಗಳುಗಟ್ಟಲೆ ಆದ್ಮೇಲೆ ಎಲ್ಲೋ ಒಂದು ಆ್ಯಪಲ್ಲಿ ಬಾಡಿಗೆಗೆ ಬರುತ್ತೆ, ಅದೂ ಯಾರಿಗೂ ಗೊತ್ತಾಗದ ಹಂಗೆ, ಕೆಲವು ಬರೋದೇ ಇಲ್ಲ. ಟ್ರೇಲರ್ ನೋಡಿ ಒಂಚೂರಾದ್ರೂ ಆಸೆ ಆಗಿದ್ರೆ ಮೊದಲ್ನೇ ಶನಿವಾರ ಭಾನುವಾರದೊಳ್ಗೆ ನೋಡ್ಬಿಡಿ. "ಟಾಕ್ ಹೆಂಗಿದೆ ನೋಡ್ಕೊಂಡು ಎರಡನೇ ವಾರ ಹೋಗೋಣ" ಅನ್ನೋದು ಕೇಳೋಕೆ ಬುದ್ಧಿವಂತಿಕೆ ಥರ ಇದೆ, ಆದ್ರೆ ಎರಡನೇ ವಾರ ಶೋನೇ ಇರಲ್ಲ. ಶುಕ್ರವಾರ ರಿಲೀಸು, ಭಾನುವಾರ ರಾತ್ರಿ ಹೊತ್ತಿಗೆ ಕಲೆಕ್ಷನ್ ಗೊತ್ತಾಗಿರುತ್ತೆ, ಸೋಮವಾರದಿಂದಾನೇ ಶೋ ಕಟ್ ಆಗುತ್ತೆ, ಉಳಿಯೋದು ಬೆಳಗ್ಗೆ ಹತ್ತು ಗಂಟೆಗೆ ಯಾವ್ದೋ ಮೂಲೆ ಮಾಲ್‌ನಲ್ಲಿ ಒಂದು ಶೋ, ಆಫೀಸ್‌ಗೆ ಹೋಗೋರು ಅದನ್ನ ಹೆಂಗೆ ನೋಡ್ತಾರೆ ಹೇಳಿ? ಮುಂದಿನ ಶುಕ್ರವಾರ ಹೊಸ ಸಿನಿಮಾಗಳು ಬಂದು ಆ ಶೋನೂ ನುಂಗ್ಬಿಡುತ್ತೆ. 2025ರ ಜುಲೈನಲ್ಲಿ ಬಂದ ಸು ಫ್ರಮ್ ಸೋ ಥರ ಕಮ್ಮಿ ಶೋಯಿಂದ ಶುರುವಾಗಿ ಬಾಯಿಂದ ಬಾಯಿಗೆ ಹಬ್ಬಿ ದಿನಾ ಶೋ ಹೆಚ್ಚಾಗ್ತಾ ಹೋಗಿದ್ದೂ ಇದೆ, ಆದ್ರೆ ಅದೂ ಆಗಿದ್ದು ಮೊದಲ್ನೇ ಎರಡು ಮೂರು ದಿನದಲ್ಲಿ ಜನ ಹೋಗಿದ್ದಕ್ಕೇ.

ದೊಡ್ಡ ಸಿನಿಮಾನ ಥಿಯೇಟರಲ್ಲೇ ನೋಡ್ಬೇಕು ಅನ್ನೋರು (ನೋಡಿ, ಬೇಡ ಅಂತಿಲ್ಲ) ಮೊದಲ್ನೇ ದಿನವೇ ಅಂತ ಹಟ ಮಾಡ್ಬೇಡಿ. ವಾರ ಆದ್ಮೇಲೂ ಶೋ ಇರುತ್ತೆ, ರೇಟು ಇಳಿದಿರುತ್ತೆ, ನಿಮಗೆ ಬೇಕಾದ ಸೀಟು ಸಿಗುತ್ತೆ, ಪಕ್ಕದೋನು ಪೇಪರ್ ಚೂರು ಎಸೆಯೋದೂ ಇರಲ್ಲ. ಎಸೆಯೋ ಗ್ಯಾಂಗೇ ನೀವಾಗಿದ್ರೆ ಮಾತ್ರ ಫಸ್ಟ್ ಡೇ ಫಸ್ಟ್ ಶೋ, ಅದಕ್ಕೆ ಬೇರೆ ದಾರಿ ಇಲ್ಲ.

ಯಾವ ಥಿಯೇಟರು, ಯಾವ ಸೀಟು

ಸಿಂಗಲ್ ಸ್ಕ್ರೀನ್ ಇನ್ನೂ ನಿಮ್ಮೂರಲ್ಲಿ ಉಳಿದಿದ್ರೆ ಅದೃಷ್ಟ. ಬೆಂಗಳೂರಲ್ಲಿ ಮೆಜೆಸ್ಟಿಕ್, ಸಾಗರ್, ಕಪಾಲಿ ಎಲ್ಲಾ ಈಗ ಬರೀ ಹೆಸ್ರು, ಸ್ಯಾಂಕಿ ರೋಡಿನ ಕಾವೇರಿನೂ 2024ರಲ್ಲಿ ಮುಚ್ತು. ಊರ್ವಶಿ, ನವರಂಗ್, ವೀರೇಶ್ ಥರದ ಕಡೆ ದೊಡ್ಡ ಕನ್ನಡ ಸಿನಿಮಾ ನೋಡೋ ಮಜಾನೇ ಬೇರೆ, ಅಲ್ಲಿ ಸ್ಕ್ರೀನ್ ಸೈಜಿಗೆ ಮಾಲ್‌ನ ಎಷ್ಟೋ ಸ್ಕ್ರೀನ್‌ಗಳು ಸಮ ಬರಲ್ಲ. ಆದ್ರೆ ಎಲ್ಲಾ ಸಿಂಗಲ್ ಸ್ಕ್ರೀನೂ ಚೆನ್ನಾಗಿರಲ್ಲ ಅನ್ನೋದೂ ನಿಜ, ಕೆಲವು ಕಡೆ ಪ್ರೊಜೆಕ್ಟರ್ ಲ್ಯಾಂಪ್ ಹಳೇದಾಗಿ ಪಿಕ್ಚರ್ ಮಬ್ಬಾಗಿರುತ್ತೆ, ನೈಟ್ ಸೀನ್ ಬಂದ್ರೆ ಯಾರು ಯಾರಿಗೆ ಹೊಡೀತಿದ್ದಾರೆ ಗೊತ್ತಾಗಲ್ಲ. ಡಿಜಿಟಲ್ ಸಿನಿಮಾ ಸ್ಟ್ಯಾಂಡರ್ಡ್ ಪ್ರಕಾರ ಸ್ಕ್ರೀನ್ ಮೇಲೆ 48 ನಿಟ್ಸ್ (ಬೆಳಕಿನ ಅಳತೆ) ಬೆಳಕು ಬೀಳ್ಬೇಕು, ಮೀಟರ್ ಹಿಡ್ಕೊಂಡು ಹೋಗೋಕಾಗಲ್ಲ, ಹಂಗಾಗಿ ಹೋಗಿ ಬಂದ ಫ್ರೆಂಡನ್ನ "ಸಿನಿಮಾ ಹೆಂಗಿದೆ" ಅನ್ನೋದ್ರ ಜೊತೆಗೆ "ಪಿಕ್ಚರ್ ಬ್ರೈಟ್ ಇತ್ತಾ, ಸೌಂಡ್ ಹೆಂಗಿತ್ತು" ಅಂತ ಕೇಳಿ. ತ್ರೀಡಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ ಟೂಡಿ ಶೋ ಸಿಕ್ಕಿದ್ರೆ ಟೂಡಿನೇ ತಗೊಳ್ಳಿ, ಕನ್ನಡಕ ಹಾಕಿದ ತಕ್ಷಣ ಬೆಳಕು ಅರ್ಧಕ್ಕಿಂತ ಕಮ್ಮಿ ಆಗುತ್ತೆ.

ಸೀಟು. ಹಾಲ್‌ನ ಉದ್ದದಲ್ಲಿ ಸ್ಕ್ರೀನ್ ಕಡೆಯಿಂದ ಮೂರನೇ ಎರಡು ಭಾಗ ಹಿಂದೆ, ಅಗಲದಲ್ಲಿ ನಡು ಮಧ್ಯ, ಸೌಂಡ್ ಸೆಟ್ ಮಾಡೋದೂ ಸುಮಾರಾಗಿ ಆ ಜಾಗ ಇಟ್ಕೊಂಡೇ. ಎಲ್ಲರೂ ಕಡೇ ರೋಗೆ ಮುಗಿಬೀಳ್ತಾರೆ, ಯಾಕೋ ಗೊತ್ತಿಲ್ಲ, ಅಲ್ಲಿ ಹಿಂದಿನ ಗೋಡೆ ಮೇಲಿನ ಸ್ಪೀಕರ್ ತಲೆ ಹಿಂದೇನೇ ಇರುತ್ತೆ, ಮಳೆ ಸೀನ್ ಬಂದ್ರೆ ಡೈಲಾಗ್ ಬದ್ಲು ಮಳೇನೇ ಕೇಳ್ಸುತ್ತೆ. ಸಿಂಗಲ್ ಸ್ಕ್ರೀನಲ್ಲಿ ಬಾಲ್ಕನಿ ಒಳ್ಳೇದು, ಆದ್ರೆ ಬಾಲ್ಕನಿ ಮೊದಲ್ನೇ ರೋ ತಗೊಳೋ ಮುಂಚೆ ಯೋಚ್ನೆ ಮಾಡಿ. ಮುಂದೆ ಕಬ್ಬಿಣದ ರೇಲಿಂಗ್ ಇರುತ್ತಲ್ಲ, ಕುಳ್ಳಗಿರೋರಿಗೆ ಅದು ಸರಿಯಾಗಿ ಸ್ಕ್ರೀನ್ ಕೆಳಗಿನ ಅಂಚಿಗೆ ಅಡ್ಡ ಬರುತ್ತೆ, ಬೇರೆ ಭಾಷೆ ಸಿನಿಮಾ ಆದ್ರೆ ಸಬ್‌ಟೈಟಲ್‌ನ ಎರಡನೇ ಸಾಲು ಪೂರ್ತಿ ರೇಲಿಂಗ್ ಹಿಂದೆ, ಇಡೀ ಸಿನಿಮಾ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರ್ಬೇಕು. ಎರಡು ಮೂರನೇ ರೋ ಸೇಫು. ಕೆಳಗಡೆ ಕೂರೋರು ಬಾಲ್ಕನಿ ಅಡಿಗೆ ಸಿಕ್ಕಿಹಾಕ್ಕೋಬೇಡಿ, ಮೇಲೆ ಸೀಲಿಂಗ್ ತಗ್ಗಾಗಿ ಸೌಂಡು ಕಂಬಳಿ ಹೊದ್ಕೊಂಡಂಗೆ ಬರುತ್ತೆ, ಅದರ ಮುಂದಿನ ರೋಗಳಿಗೆ ಬನ್ನಿ.

ರೇಟಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ತುಂಬ ಜನಕ್ಕೆ ಕನ್‌ಫ್ಯೂಷನ್ ಇದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 5 ಪರ್ಸೆಂಟು, ಅದು ಮುಂಚೆ 12 ಇತ್ತು, 100 ದಾಟಿದ್ರೆ 18. ಊರ ಕಡೆ ಥಿಯೇಟರಲ್ಲಿ 100ರ ಟಿಕೆಟ್ 105ಕ್ಕೆ ಬರುತ್ತೆ, ಮಾಲ್‌ನಲ್ಲಿ 200ರ ಟಿಕೆಟ್ 236 ಆಗುತ್ತೆ. "ಸರ್ಕಾರ 200ಕ್ಕಿಂತ ಜಾಸ್ತಿ ತಗೋಬಾರ್ದು ಅಂದಿತ್ತಲ್ವಾ" ಅಂತ ಕೇಳೋರು ಇದ್ದಾರೆ, ಹೌದು, 2025ರ ಸೆಪ್ಟೆಂಬರಲ್ಲಿ ರಾಜ್ಯ ಸರ್ಕಾರ ಟ್ಯಾಕ್ಸ್ ಬಿಟ್ಟು 200 ರೂಪಾಯಿ ಮಿತಿ ಅಂತ ನಿಯಮ ತಂತು, 75 ಸೀಟು ಅಥವಾ ಅದಕ್ಕಿಂತ ಕಮ್ಮಿ ಇರೋ ಪ್ರೀಮಿಯಂ ಸ್ಕ್ರೀನ್ ಬಿಟ್ಟು, ಆದ್ರೆ ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಡ್ತು. ಹಂಗಾಗಿ ಆ ಸುದ್ದಿ ನಂಬ್ಕೊಂಡು ಬಜೆಟ್ ಹಾಕ್ಬೇಡಿ, ಆ್ಯಪಲ್ಲಿ ಕಾಣೋ ರೇಟ್ ನೋಡಿ. ದುಡ್ಡು ಉಳಿಸ್ಬೇಕು ಅಂದ್ರೆ ವಾರದ ಮಧ್ಯೆ ಹೋಗಿ, ಮಂಗಳವಾರ ಎಷ್ಟೋ ಮಲ್ಟಿಪ್ಲೆಕ್ಸಲ್ಲಿ ಡಿಸ್ಕೌಂಟ್ ಇರುತ್ತೆ, ಬೆಳಗ್ಗಿನ ಶೋ ಸಾಯಂಕಾಲದ್ದಕ್ಕಿಂತ ಅಗ್ಗ. ಇನ್ನೊಂದು, ಆ್ಯಪಲ್ಲಿ ಪ್ರತಿ ಟಿಕೆಟ್‌ಗೂ ಕನ್ವೀನಿಯೆನ್ಸ್ ಫೀ ಹಾಕ್ತಾರೆ, ಅದ್ರ ಮೇಲೂ ಜಿಎಸ್‌ಟಿ. ಮನೆ ಹತ್ರಾನೇ ಥಿಯೇಟರ್ ಇದ್ದು ಹೌಸ್‌ಫುಲ್ ಆಗೋ ಸಿನಿಮಾ ಅಲ್ಲ ಅಂದ್ರೆ ಕೌಂಟರಲ್ಲೇ ತಗೊಳ್ಳಿ, ನಾಲ್ಕು ಜನ ಹೋಗ್ತೀರಾ ಅಂದ್ರೆ ಇಂಟರ್ವಲ್ ಕಾಫಿ ಖರ್ಚು ಅಲ್ಲೇ ಉಳೀತು.

ತಿಂಡಿ ವಿಷಯದಲ್ಲಿ ಕಾನೂನು ಥಿಯೇಟರ್‌ನೋರ ಕಡೆ ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಪ್ಪಾ ಅಂದ್ರೆ ಹೊರಗಿನ ತಿಂಡಿ ತರ್ಬೇಡಿ ಅನ್ನೋ ಹಕ್ಕು ಮಾಲೀಕರಿಗಿದೆ, ಆದ್ರೆ ಕುಡಿಯೋ ನೀರು ಫ್ರೀಯಾಗಿ ಕೊಡ್ಬೇಕು, ಮಗುಗೆ ತಂದಿರೋ ಆಹಾರ ತಡೀಬಾರ್ದು. ಹಾಗಾಗಿ 60-70 ರೂಪಾಯಿ ಕೊಟ್ಟು ಬಾಟಲ್ ತಗೊಳೋ ಮುಂಚೆ ನೀರಿನ ಫಿಲ್ಟರ್ ಎಲ್ಲಿದೆ ಕೇಳಿ, ಇದ್ದೇ ಇರುತ್ತೆ, ಟಾಯ್ಲೆಟ್ ಪಕ್ಕದ ಮೂಲೇಲಿ ಬೋರ್ಡ್ ಇಲ್ದೆ ಬಚ್ಚಿಟ್ಟಿರ್ತಾರೆ ಅಷ್ಟೇ. ಊಟದ ಟೈಮಿಗೆ ಶೋ ಬುಕ್ ಮಾಡ್ಬೇಡಿ, ಹೊಟ್ಟೆ ತುಂಬಾ ತಿಂದ್ಕೊಂಡು ಹೋದ್ರೆ ಖರ್ಚು ಅರ್ಧಕ್ಕೆ ಇಳಿಯುತ್ತೆ, ಇದೇನು ದೊಡ್ಡ ಉಪಾಯ ಅಲ್ಲ, ಆದ್ರೂ ಯಾರೂ ಮಾಡಲ್ಲ.

ಟಿಕೆಟ್ ಮೇಲಿನ ಟೈಮು ಜಾಹೀರಾತು ಶುರುವಾಗೋ ಟೈಮು. ಈ ಬಗ್ಗೆ ಬೆಂಗಳೂರಲ್ಲಿ ಒಬ್ರು ಗ್ರಾಹಕರ ಆಯೋಗಕ್ಕೆ ಹೋಗಿ 2025ರ ಫೆಬ್ರವರಿಯಲ್ಲಿ ಪರಿಹಾರದ ಆದೇಶಾನೂ ತಗೊಂಡ್ರು, ಆಮೇಲೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಹಾಕ್ತು. ಮಲ್ಟಿಪ್ಲೆಕ್ಸಲ್ಲಿ ಹತ್ತು ನಿಮಿಷ ಲೇಟಾದ್ರೂ ಟೆನ್ಷನ್ ಬೇಡ, ಸಿಂಗಲ್ ಸ್ಕ್ರೀನಲ್ಲಿ ಮಾತ್ರ ಅದನ್ನ ನಂಬ್ಬೇಡಿ, ಕೆಲವು ಕಡೆ ಬೆಲ್ ಹೊಡೆದು ಎರಡೇ ಜಾಹೀರಾತಿಗೆ ಟೈಟಲ್ ಕಾರ್ಡ್ ಬಂದ್ಬಿಡುತ್ತೆ.

ಮಕ್ಕಳನ್ನ ಕರ್ಕೊಂಡು ಹೋಗೋರು ಸರ್ಟಿಫಿಕೇಟ್ ನೋಡಿ. 2024ರಿಂದ ಯುಎ ಅನ್ನೋದನ್ನ 7+, 13+, 16+ ಅಂತ ಮೂರು ಮಾಡಿದ್ದಾರೆ, ಇದು ಅಪ್ಪ ಅಮ್ಮಂಗೆ ಸೂಚನೆ, ಬಾಗ್ಲಲ್ಲಿ ತಡಿಯಲ್ಲ. ಎ ಇದ್ರೆ 18ರ ಕೆಳಗಿನೋರನ್ನ ಬಿಡಲ್ಲ, ಅಮ್ಮನ ತೊಡೆ ಮೇಲೆ ಮಲಗೋ ಮಗು ಆದ್ರೂ ಬಿಡಲ್ಲ, ಟಿಕೆಟ್ ದುಡ್ಡೂ ವಾಪಸ್ ಬರಲ್ಲ. ಹಂಗೇ ಹೀರೋ ಎಂಟ್ರಿ ಸ್ಟೇಟಸ್‌ಗೆ ಹಾಕೋಕೆ ಮೊಬೈಲ್ ಎತ್ತೋರಿಗೆ ಒಂದು ಮಾತು, ಸಿನಿಮಾ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ್ಮೇಲೆ ಥಿಯೇಟರಲ್ಲಿ ಸಿನಿಮಾ ರೆಕಾರ್ಡ್ ಮಾಡಿ ಸಿಕ್ಕಿಬಿದ್ರೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ದಂಡ ಅಂತಿದೆ. ಕಾನೂನು ಬಿಡಿ, ಹಿಂದೆ ಕೂತಿರೋನ ಕಣ್ಣಿಗೆ ಆ ಲೈಟು ಚುಚ್ಚುತ್ತೆ ಸ್ವಾಮಿ.

ಮನೇಲಿ ನೋಡೋದಾದ್ರೆ

ಮನೇಲಿ ಸಿನಿಮಾ ಚಪ್ಪೆ ಅನ್ಸೋಕೆ ಮುಖ್ಯ ಕಾರಣ ಟಿವಿ ಚಿಕ್ಕದು ಅನ್ನೋದಲ್ಲ, ಸೆಟ್ಟಿಂಗ್ ಹಾಳಾಗಿರೋದು. ಅಂಗಡಿಯಿಂದ ಬರುವಾಗ ಟಿವಿ ವಿವಿಡ್ ಅಥವಾ ಸ್ಟ್ಯಾಂಡರ್ಡ್ ಮೋಡಲ್ಲಿರುತ್ತೆ, ಬಣ್ಣ ಎಲ್ಲಾ ಕಣ್ಣಿಗೆ ಹೊಡ್ಯಂಗೆ, ಮುಖ ಎಲ್ಲಾ ನೀಲಿ ನೀಲಿ. ಮೊದ್ಲು ಪಿಕ್ಚರ್ ಮೋಡನ್ನ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ. ಮೊದಲ್ನೇ ಹತ್ತು ನಿಮಿಷ "ಎಲ್ಲಾ ಹಳದಿ ಕಾಣುತ್ತೆ" ಅಂತ ಮನೆಯೋರೆಲ್ಲಾ ಕೂಗ್ತಾರೆ, ಕೂಗ್ಲಿ ಬಿಡಿ, ಕಣ್ಣು ಹೊಂದ್ಕೊಂಡ್ಮೇಲೆ ಹಳೇ ಮೋಡ್‌ಗೆ ವಾಪಸ್ ಹಾಕಿ ತೋರಿಸಿ, ಅವ್ರೇ ಬೇಡ ಅಂತಾರೆ.

ಎರಡನೇದು ಇನ್ನೂ ಮುಖ್ಯ, ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಫ್ರೇಮು, ಟಿವಿ ತಾನೇ ಬುದ್ಧಿ ಉಪಯೋಗಿಸಿ ಮಧ್ಯ ಮಧ್ಯ ಇಲ್ದೇ ಇರೋ ಫ್ರೇಮ್ ಸೇರಿಸುತ್ತೆ, ಅದ್ರಿಂದ ಕೋಟಿಗಟ್ಟಲೆ ಖರ್ಚು ಮಾಡಿ ತೆಗೆದ ಫೈಟು ಮಧ್ಯಾಹ್ನದ ಧಾರಾವಾಹಿ ಥರ ಕಾಣುತ್ತೆ. ಎಲ್‌ಜಿಯಲ್ಲಿ ಅದರ ಹೆಸ್ರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗಲ್ಲಿ ಪಿಕ್ಚರ್ ಕ್ಲಾರಿಟಿ, ಹಳೇ ಮಾಡೆಲಲ್ಲಿ ಆಟೋ ಮೋಷನ್ ಪ್ಲಸ್. ಕ್ರಿಕೆಟ್‌ಗೆ ಬೇಕಾದ್ರೆ ಆನ್ ಮಾಡ್ಕೊಳ್ಳಿ.

ದೂರ. ನಮ್ಮ ಮನೆಗಳಲ್ಲಿ 43 ಇಂಚಿನ ಟಿವಿನ ಹತ್ತು ಹನ್ನೆರಡು ಅಡಿ ದೂರದಲ್ಲಿ ಕೂತು ನೋಡ್ತಾರೆ, ಅಷ್ಟು ದೂರಕ್ಕೆ ಫೋರ್‌ಕೆ (ಫುಲ್ ಎಚ್‌ಡಿಗಿಂತ ಸ್ಪಷ್ಟ ಪಿಕ್ಚರು) ಇದ್ರೂ ಒಂದೇ ಇಲ್ದೇ ಇದ್ರೂ ಒಂದೇ. ಲೆಕ್ಕ ಸುಲಭ, ಟಿವಿ ಎಷ್ಟು ಇಂಚೋ ಅದನ್ನ 1.6ರಿಂದ ಗುಣಿಸಿ, ಅಷ್ಟು ಇಂಚು ದೂರ. 55 ಇಂಚಿಗೆ 88, ಅಂದ್ರೆ ಏಳೂಕಾಲು ಏಳೂವರೆ ಅಡಿ. 43ಕ್ಕೆ ಆರು ಅಡಿನೂ ಬರಲ್ಲ. ಸೋಫಾ ಗೋಡೆಗೇ ಅಂಟಿರ್ಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ, ಸಿನಿಮಾ ಟೈಮಿಗೆ ಒಂದು ಚಾಪೆ ದಿಂಬು ಹಾಕ್ಕೊಂಡು ಮುಂದೆ ಬನ್ನಿ, ಖರ್ಚಿಲ್ದೆ ಸ್ಕ್ರೀನ್ ದೊಡ್ಡದಾಯ್ತು. ಲೈಟ್ ಆಫ್ ಮಾಡಿ, ಇಲ್ಲಾಂದ್ರೆ ಕತ್ತಲೆ ಸೀನಲ್ಲಿ ಹೀರೋ ಬದ್ಲು ಟ್ಯೂಬ್‌ಲೈಟ್ ಕಾಣುತ್ತೆ.

ಸೌಂಡ್ ಬಗ್ಗೆ ಬರೋ ಕಂಪ್ಲೇಂಟ್ ಒಂದೇ, ಡೈಲಾಗ್ ಕೇಳ್ಸಲ್ಲ ಅಂತ ವಾಲ್ಯೂಮ್ ಏರಿಸಿದ್ರೆ ಫೈಟ್ ಬಂದಾಗ ಪಕ್ಕದ್ಮನೆಯೋರು ಬಾಗ್ಲು ತಟ್ತಾರೆ. ಥಿಯೇಟರ್‌ಗೆ ಮಿಕ್ಸ್ ಮಾಡಿದ ಸೌಂಡಲ್ಲಿ ಡೈಲಾಗ್ ಹೆಚ್ಚಾಗಿ ಮಧ್ಯದ ಸ್ಪೀಕರ್‌ಗೆ ಹೋಗುತ್ತೆ, ನಮ್ಮ ಟಿವಿಲಿ ಇರೋದು ಕೆಳಗೆ ನೆಲ ನೋಡೋ ಎರಡು ಪುಟಾಣಿ ಸ್ಪೀಕರು. ಆ್ಯಪಲ್ಲಿ ಆಡಿಯೋ ಆಯ್ಕೆ ಕೊಟ್ಟಿದ್ರೆ 5.1 (ಆರು ಸ್ಪೀಕರ್‌ಗೆ ಮಾಡಿರೋ ಸೌಂಡು) ಬಿಟ್ಟು ಸ್ಟೀರಿಯೋ (ಎರಡು ಸ್ಪೀಕರಿಂದು) ಆರಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಟಿವಿ ಸೌಂಡ್ ಸೆಟ್ಟಿಂಗಲ್ಲಿ ಕ್ಲಿಯರ್ ವಾಯ್ಸ್ ಅಂತಲೋ ನೈಟ್ ಮೋಡ್ ಅಂತಲೋ ಇರುತ್ತೆ, ರಾತ್ರಿ ಹೊತ್ತು ಆನ್ ಮಾಡಿ. ದುಡ್ಡು ಹಾಕೋ ಮನಸ್ಸಿದ್ರೆ ದೊಡ್ಡ ಟಿವಿಗಿಂತ ಮುಂಚೆ ಒಂದು ಸೌಂಡ್‌ಬಾರ್ ತಗೊಳ್ಳಿ, ಎಚ್‌ಡಿಎಂಐ ಕೇಬಲ್ಲನ್ನ ಟಿವಿ ಹಿಂದೆ ಎಆರ್‌ಸಿ ಅಂತ ಬರ್ದಿರೋ ಪೋರ್ಟ್‌ಗೇ ಚುಚ್ಚಿ, ಬೇರೆ ಪೋರ್ಟ್‌ಗೆ ಹಾಕಿದ್ರೆ ಸೌಂಡೇ ಬರಲ್ಲ.

ಪಿಕ್ಚರ್ ಮಸುಕಾಗಿದ್ರೆ ಟಿವಿ ಬೈಯೋ ಮುಂಚೆ ಪ್ಲಾನ್ ನೋಡಿ. ನೆಟ್‌ಫ್ಲಿಕ್ಸಲ್ಲಿ 149ರ ಮೊಬೈಲ್ ಪ್ಲಾನ್ ಟಿವಿಲಿ ನಡೆಯೋದೇ ಇಲ್ಲ, 199ರದ್ದು 720ಪಿ (ಫುಲ್ ಎಚ್‌ಡಿಗಿಂತ ಕಮ್ಮಿ ಕ್ಲಾರಿಟಿ), 499ಕ್ಕೆ ಫುಲ್ ಎಚ್‌ಡಿ, ಫೋರ್‌ಕೆ ಬೇಕಂದ್ರೆ 649. ಫೋರ್‌ಕೆಗೆ ಅವ್ರೇ ಹೇಳೋ ಪ್ರಕಾರ 15 ಎಂಬಿಪಿಎಸ್ ನೆಟ್ ಬೇಕು, ಗಂಟೆಗೆ 7 ಜಿಬಿವರೆಗೂ ಎಳೆಯುತ್ತೆ, ಮೊಬೈಲ್ ಹಾಟ್‌ಸ್ಪಾಟಲ್ಲಿ ನೋಡೋರು ಇಂಟರ್ವಲ್ ಹೊತ್ತಿಗೆ ಡೇಟಾ ಮುಗಿಸಿ ಕೂತಿರ್ತಾರೆ. ಪ್ರೈಮಲ್ಲಿ 2025ರ ಜೂನ್‌ನಿಂದ ಜಾಹೀರಾತು ಬರ್ತಿದೆ, ಬೇಡ ಅಂದ್ರೆ ಬೇರೆ ದುಡ್ಡು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ಹೆಸ್ರೇ ಕೇಳಿರದ ಆ್ಯಂಡ್ರಾಯ್ಡ್ ಬಾಕ್ಸ್ ತಗೋಬೇಡಿ, ಅದಕ್ಕೆ ವೈಡ್‌ವೈನ್ ಎಲ್1 (ಸಿನಿಮಾ ಕಾಪಿ ಆಗ್ದಂಗೆ ತಡೆಯೋ ಲಾಕು) ಸರ್ಟಿಫಿಕೇಟ್ ಇಲ್ದಿದ್ರೆ ನೀವು ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿದ್ರೂ ಓಟಿಟಿಗಳು ಎಸ್‌ಡಿ, ಅಂದ್ರೆ ಎಚ್‌ಡಿಗಿಂತ ಕೆಳಗಿನ ಕ್ವಾಲಿಟಿನೇ ಕೊಡೋದು.

ಇಷ್ಟೆಲ್ಲಾ ಮಾಡಿದ್ರೂ ಕಾಡು, ರಾತ್ರಿ, ಮಳೆ, ಹೊಗೆ ಜಾಸ್ತಿ ಇರೋ ಸಿನಿಮಾ ಮನೇಲಿ ಥಿಯೇಟರ್ ಥರ ಕಾಣಲ್ಲ. ಥಿಯೇಟರ್‌ಗೆ ಹೋಗೋ ಫೈಲಲ್ಲಿ ಸೆಕೆಂಡಿಗೆ 250 ಮೆಗಾಬಿಟ್‌ವರೆಗೂ ಮಾಹಿತಿ ಇರ್ಬೋದು, ಮನೆಗೆ ಬರೋದು ಅದ್ರ ಹದಿನೈದರಲ್ಲಿ ಒಂದು ಭಾಗ ಬಂದ್ರೆ ಪುಣ್ಯ, ಹಿಂಡಿ ಹಿಂಡಿ ಕಳಿಸಿರ್ತಾರೆ, ಅದಕ್ಕೇ ಕತ್ತಲಲ್ಲಿ ಚೌಕ ಚೌಕ ಕಾಣೋದು. ಅಂಥ ಸಿನಿಮಾ ಅಂತ ಟ್ರೇಲರಲ್ಲೇ ಗೊತ್ತಾದ್ರೆ ಥಿಯೇಟರ್‌ಗೇ ಹೋಗಿ. ಇಬ್ರು ಮೂವರು ಒಂದು ರೂಮಲ್ಲಿ ಕೂತು ಮಾತಾಡೋ ಸಿನಿಮಾ, ಬೇರೆ ಭಾಷೆದು, ನಿಲ್ಲಿಸಿ ನಿಲ್ಲಿಸಿ ಸಬ್‌ಟೈಟಲ್ ಓದ್ಬೇಕಾದ್ದು, ಅಜ್ಜಿಗೆ ಮೂರು ಗಂಟೆ ಕೂರೋಕಾಗಲ್ಲ ಅನ್ನೋ ಮನೆ, ಇದಕ್ಕೆಲ್ಲಾ ಮನೆನೇ ಸರಿ. ಮೊಬೈಲ್ ಮಾತ್ರ ಬೇರೆ ರೂಮಲ್ಲಿ ಚಾರ್ಜ್‌ಗೆ ಹಾಕಿ ಬನ್ನಿ, ಮನೇಲಿ ನೋಡಿ "ಸಿನಿಮಾ ಲ್ಯಾಗ್" ಅನ್ನೋರಲ್ಲಿ ಅರ್ಧ ಜನ ರೀಲ್ಸ್ ನೋಡ್ತಾ ಸಿನಿಮಾ ನೋಡಿರೋರು.

ಕರ್ನಾಟಕದ ಹೊರಗಿರೋರಿಗೆ

ಪುಣೆ, ಹೈದರಾಬಾದು, ಚೆನ್ನೈ, ಇಲ್ಲಾ ಅಮೆರಿಕ, ದುಬೈ, ಎಲ್ಲೇ ಇದ್ರೂ ಕನ್ನಡ ಸಿನಿಮಾ ಥಿಯೇಟರಲ್ಲಿ ನೋಡೋದು ಅಂದ್ರೆ ಬೇಟೆ ಇದ್ದಂಗೆ. ಹೆಚ್ಚಾಗಿ ಶನಿವಾರ ಭಾನುವಾರ ಒಂದೆರಡು ಶೋ, ಅದೂ ಊರಾಚೆ ಯಾವ್ದೋ ಸ್ಕ್ರೀನಲ್ಲಿ. ಆ್ಯಪಲ್ಲಿ ಭಾಷೆ ಫಿಲ್ಟರನ್ನ ಕನ್ನಡ ಅಂತ ಇಟ್ಟೇ ಹುಡುಕಿ, ಇಲ್ಲಾಂದ್ರೆ ಅದೇ ಸಿನಿಮಾದ ಹಿಂದಿ ಡಬ್ಬಿಂಗ್ ಬುಕ್ ಆಗಿ ಹೋಗುತ್ತೆ. ನಿಮ್ಮೂರ ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲಿ ಇರಿ, ಹಬ್ಬದ ಫಾರ್ವರ್ಡ್‌ಗಳನ್ನ ಸಹಿಸ್ಕೊಂಡಾದ್ರೂ ಇರಿ, ಯಾಕಂದ್ರೆ ಸಂಘದೋರೇ ಸ್ಕ್ರೀನ್ ಹಿಡಿದು ಶೋ ಹಾಕಿಸೋದು ಎಷ್ಟೋ ಕಡೆ ನಡೆಯುತ್ತೆ, ಅದು ಆ್ಯಪಲ್ಲಿ ಕಾಣಲ್ಲ. ಟಿಕೆಟ್ ಮಾತ್ರ ಗುರುವಾರವೇ ಬುಕ್ ಮಾಡಿ, ಭಾನುವಾರ ಮಧ್ಯಾಹ್ನ ಹೋಗಿ ಕೌಂಟರಲ್ಲಿ ತಗೊಳೋಣ ಅಂತ ಎಲ್ಲರೂ ಅಂದ್ಕೊಂಡು ಶುಕ್ರವಾರ ಬುಕಿಂಗ್ ಖಾಲಿ ಕಂಡ್ರೆ ಭಾನುವಾರದ ಶೋನೇ ತೆಗೆದ್ಬಿಡ್ತಾರೆ.